ಕುಂಬಳಕಾಯಿಯಲ್ಲಿ ಸಿಕ್ಕಿಕೊಂಡ ಚಾಕು

ರಾಮನಗರದ ಹತ್ತಿರ ಹೊಸದಾಗಿ ಶುರುವಾಗಿದ್ದ ಚಾಕು ಫ್ಯಾಕ್ಟರಿಗೆ ನಾನು ಹೊಂಗನೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ವರ್ಷ ಆಯುಧಪೂಜೆಗೆ ಕಂಪನಿಯವರು ನಮಗೆಲ್ಲ ಒಂದೊಂದು ದೊಡ್ಡ ಚಾಕು ಕೊಟ್ಟರು. ಕನ್ನಡಿಯಂತೆ ಹೊಳೆಯುತ್ತಿದ್ದ ಅದನ್ನು ಅಪ್ಪ ದೇವರ ಮುಂದಿಟ್ಟು ಕುಂಕುಮ ಹಚ್ಚಿದ. ಅಣ್ಣನ ಟೆಂಪೋ ಮುಂದೆ ಬೂದುಗುಂಬಳಕಾಯಿ ಕಡಿಯುವ ಹೊತ್ತಿಗೆ ತನ್ನ ಹಳೇ ಮಚ್ಚನ್ನು ಪಕ್ಕಕ್ಕಿಟ್ಟು, "ಈ ಸಲ ನನ್ ಮಗಳ ಕಂಪ್ನಿ ಚಾಕು ಕಣ್ರಲಾ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ.

ದೃಷ್ಟಿ ತೆಗೆದ ಕಾಯಿ ಒಂದೇ ಏಟಿಗೆ ಎರಡು ಹೋಳಾಗಬೇಕು, ಇಲ್ಲದಿದ್ದರೆ ಗಾಡಿಗೆ ಒಳ್ಳೆಯದಲ್ಲ ಎನ್ನುತ್ತಾರೆ ನಮ್ಮಲ್ಲಿ. ಅಪ್ಪ ಬೀಸಿದ. ಅಲಗು ಅರ್ಧಕ್ಕೇ ಕಚ್ಚಿಕೊಂಡಿತು. ಎಳೆದರೆ ಬರೀ ಹಿಡಿ ಕೈಗೆ ಬಂತು.

ಜನ ನಕ್ಕರು. ನಗಲಿ, ನಗುವುದಕ್ಕೇ ಕಾದಿದ್ದ ಜನ. ಅಪ್ಪ ಮಾತ್ರ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾವನವ್ವಾ ಇದ್ರ ಹಿಡಿ ಕೂರ್ಸಿದೋನು? ನಿಮ್ಮೆಲ್ಲರ ಮರ್ವಾದೆ ಕಳೀತಾನಲ್ಲ! ರಜ ಮುಗಿಸ್ಕಂಡು ಹೋದೇಟ್ಗೆ ಒಸಿ ಉಗಿ ಅವುನ್ಗೆ" ಅಂದ.

ಫ್ಯಾಕ್ಟರಿಯಲ್ಲಿ ಹಿಡಿ ಕೂರಿಸುವ ಮಿಷನ್ನಿನ ಮೇಲೆ ಇದ್ದವಳು ನಾನೊಬ್ಬಳೇ.

"ಆಯ್ತಪ್ಪ, ಉಗೀತೀನಿ" ಅಂದೆ.