ಕಸ ಗುಡಿಸದ ಮನೆ

ಕುಷ್ಟಗಿಯ ಆ ಬಾಡಿಗೆ ಮನೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಕೋಣೆ, ಒಂದು ಬಚ್ಚಲು, ಹಿತ್ತಲಲ್ಲಿ ಕರಿಬೇವಿನ ಗಿಡ. ಅಷ್ಟರಲ್ಲೇ ನಾನೊಬ್ಬಳೇ ವರ್ಷಗಟ್ಟಲೆ ಸುಖವಾಗಿದ್ದೆ. ಮುಂದಿನ ಭಾಗದಲ್ಲಿ ಮನೆಯೊಡತಿ ಇದ್ದರು; ಬಜಾರದಲ್ಲಿ ಬಳೆ ಅಂಗಡಿ ನಡೆಸುತ್ತಿದ್ದರು. ಓಣಿಯ ಮಂದಿಯೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಶಾಲೆಯಲ್ಲಿ ಕಲಿಸುವವಳಾದ್ದರಿಂದ ಅವರಿಗೆ ನಾನು ಅಕ್ಕೋರು.

ಖಾಲಾರ ಕಾಯ್ದೆ ಖಡಕ್ಕು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಬಿಡುವುದಾದರೆ ತಿಂಗಳು ಮೊದಲೇ ಹೇಳಬೇಕು. ಆ ತಿಂಗಳಲ್ಲಿ ಮನೆ ನೋಡಲು ಬಂದವರಿಗೆ ಬಾಗಿಲು ತೆರೆಯಬೇಕು. ಹೋಗುವ ದಿನ ಗುಡಿಸಿ, ಕೀಲಿ ಕೈಗೆ ಕೊಡಬೇಕು. ಕಾಗದಪತ್ರ ಏನಿಲ್ಲ, ಎಲ್ಲ ಬಾಯಿಮಾತೇ. ಆದರೆ ಹಬ್ಬಕ್ಕೆ ಬಳೆ ತೊಡಿಸುವಾಗ ಅದೇ ಖಾಲಾ ನನ್ನ ಕೈಯನ್ನು ಹಿಟ್ಟು ನಾದಿದಂತೆ ಮೆತ್ತಗೆ ಒತ್ತುತ್ತಾ, "ಕೈ ಭಾಳ ಬಿರುಸು ಅದಾವ ನೋಡ್ರಿ ಅಕ್ಕೋರ, ನಿಮ್ಮ ಮಾತಿನಂಗ" ಎಂದು ನಗುತ್ತಿದ್ದರು.

ಗಂಗಾವತಿಗೆ ವರ್ಗವಾಯಿತು. ಖಾಲಾರಿಗೆ ಹೇಳಲು ಹೋದೆ. "ಯಾಕ್ರೀ, ಇಲ್ಲೇ ಇರ್ರಿ" ಎನ್ನುತ್ತಾರೆ ಎಂದುಕೊಂಡಿದ್ದೆ. ಹೋಗುವುದು ತಪ್ಪುತ್ತಿರಲಿಲ್ಲ, ಆದರೂ ಆ ಒಂದು ಮಾತು ನನಗೆ ಬೇಕಿತ್ತು. ಖಾಲಾ ಬಳೆಯ ಡಬ್ಬಿ ಮುಚ್ಚಿ, "ತಿಂಗಳು ಮೊದಲ ಹೇಳಿದ್ರಿ, ಛಲೋ ಆತು" ಅಂದರು. ಮಾರನೆಯ ದಿನವೇ ಮನೆ ನೋಡುವವರು ಬಂದರು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ನಾನು ರೊಟ್ಟಿ ಬಡಿಯುತ್ತಿದ್ದರೆ, ಖಾಲಾ ಪಕ್ಕದಲ್ಲೇ ನಿಂತು ಗುರುತಿಲ್ಲದವರಿಗೆ ನನ್ನ ಅಡುಗೆಮನೆ ತೋರಿಸುವುದು! ಕಡೆಗೆ ತಾವರಗೇರಾದ ಗಂಡಹೆಂಡಿರಿಗೆ ಕೊಡುವುದೆಂದಾಯಿತು. ಅವತ್ತಿನಿಂದ ಖಾಲಾರೊಂದಿಗೆ ಬೇಕಾದಷ್ಟೇ ಮಾತಾಡಿದೆ.

ಹೊರಡುವ ದಿನ ಸಾಮಾನೆಲ್ಲ ಟೆಂಪೋ ಏರಿತು. ಕಾಯ್ದೆ ಅಂದರೆ ಕಾಯ್ದೆ ಎಂದು ಕಸಬರಿಗೆ ಹಿಡಿದೆ. ಖಾಲಾ ಓಡಿಬಂದು ಅದನ್ನು ಕಸಿದುಕೊಂಡರು.

"ಅದನ್ನ ಇಡ್ರಿ ಅಲ್ಲೆ. ಕೀಲಿ ಕೊಟ್ಟು ಹೋಗ್ರಿ. ಮುಟ್ಟಿದ ಮ್ಯಾಲ ಫೋನ್ ಹಚ್ರಿ."

ಅಯ್ಯ ಶಿವನೇ, ನಾನು ಗುಡಿಸಿದ್ದೂ ಇವರಿಗೆ ಸರಿಬರುವುದಿಲ್ಲವೇ! ನನ್ನನ್ನು ಸಾಗಹಾಕಲು ಇಷ್ಟು ಅವಸರವೇ! ಕೀಲಿ ಕೊಟ್ಟು, ತಿರುಗಿ ನೋಡದೆ ಟೆಂಪೋ ಹತ್ತಿದೆ. ಕಣ್ಣೀರು ಬಂದಿತ್ತು, ತೋರಿಸಲು ನನಗೇನು ಹುಚ್ಚೇ?

ಗಂಗಾವತಿ ಮುಟ್ಟಿದೆ, ಫೋನು ಮಾಡಲಿಲ್ಲ. ಅವರೇ ಮತ್ತೆ ಮತ್ತೆ ಮಾಡಿದರು, ಬೇಕೆಂದೇ ಎತ್ತಲಿಲ್ಲ. ಹಾಲು ಉಕ್ಕಿಸಿದೆ. ಗೋಡೆಗೆ ಮನಸೋ ಇಚ್ಛೆ ಮೊಳೆ ಹೊಡೆದೆ. ಆದರೆ ಒಗ್ಗರಣೆ ಹಾಕುವ ಹೊತ್ತಿಗೆ ಕಾಲು ತಾನಾಗಿ ಹಿತ್ತಲ ಕಡೆ ಹೊರಡುತ್ತಿತ್ತು. ಇಲ್ಲಿ ಹಿತ್ತಲೇ ಇರಲಿಲ್ಲ.

ಎರಡು ದಿನ ಕಳೆದು ಗುರುತಿಲ್ಲದ ನಂಬರಿನಿಂದ ಫೋನು ಬಂತು. ಆ ತಾವರಗೇರಾದ ಹೆಣ್ಣುಮಗಳು.

"ಅಕ್ಕೋರ, ಕೈ ಮುಗಿತೀನ್ರಿ, ಮುಟ್ಟೀನಿ ಅಂತ ಖಾಲಾಗ ಒಂದ್ ಮಾತು ಹೇಳ್ರಿ. ನಮ್ಮ ಸಾಮಾನೆಲ್ಲಾ ಅವರ ಪಡಸಾಲ್ಯಾಗ ಬಿದ್ದಾವ. ಹೋದೋರು ಊರು ಮುಟ್ಟಿದ ಸುದ್ದಿ ಬರೂತನಕ ಮನ್ಯಾಗ ಕಸಾ ಹೊಡಿಬಾರ್ದಂತ. ತಾವೂ ಹೊಡಿಯವಲ್ರು, ನಮಗೂ ಬಿಡವಲ್ರು."

ನನಗೆ ಗೊತ್ತಿಲ್ಲದ ಪದ್ಧತಿಯೇ ಅದು? ಹೋದವರ ಹಿಂದೆಯೇ ಗುಡಿಸಿದರೆ ಅವರು ಮರಳಿ ಬರುವುದಿಲ್ಲ ಎಂದು ನನ್ನ ಅವ್ವನೂ ಹೇಳುತ್ತಿದ್ದಳು. ಸಿಟ್ಟಿನ ಭರದಲ್ಲಿ ನನಗದು ಹೊಳೆದಿರಲಿಲ್ಲ.

"ಖಾಲಾನ ಕೈಯಾಗ ಕೊಡವಾ" ಅಂದೆ.

"ಮುಟ್ಟಿದ್ರೇನ್ರಿ ಅಕ್ಕೋರ?" ಖಾಲಾರ ದನಿ ಸಣ್ಣಗಾಗಿತ್ತು.

"ಹೂಂ ಖಾಲಾ. ಮುಟ್ಟೀನಿ."

"ಛಲೋ ಆತು" ಅಂದರು. ಫೋನನ್ನು ಎಲ್ಲೋ ಇಟ್ಟ ಸಪ್ಪಳ ಕೇಳಿತು, ಹಿಂದೆಯೇ ಕಸಬರಿಗೆಯ ಸದ್ದು. ಫೋನು ಕಿವಿಗೆ ಒತ್ತಿಕೊಂಡು ಅಳುತ್ತ ಕೇಳಿದೆ. ಇನ್ನೂ ಮುಟ್ಟಿಲ್ಲ ಖಾಲಾ ಎಂದು ಯಾಕಾದರೂ ಅನ್ನಲಿಲ್ಲವೋ ನಾನು.