ಅಳಿವೆ ಕಡಿಸಲು ನೆಟ್ಟ ಗೂಟದ ವಿಷಯ

ಕಂದಾಯ ಇಲಾಖೆಯ ಸೇವೆಯಿಂದ ನಿವೃತ್ತನಾಗಲು ಎರಡು ವರ್ಷ ಬಾಕಿ ಇದ್ದ ಮಳೆಗಾಲದಲ್ಲಿ ನಾನು ಹೊನ್ನಾವರ ತಾಲೂಕಿನ ಕರಾವಳಿಯ ಒಂದು ವೃತ್ತದಲ್ಲಿ ಗ್ರಾಮ ಆಡಳಿತ ಅಧಿಕಾರಿಯಾಗಿ ಕಾರ್ಯನಿರ್ವಹಿಸುತ್ತಿದ್ದೆನು. ಈ ಹುದ್ದೆಯನ್ನು ಮೊದಲು ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು; ಹಳಬರು ಈಗಲೂ ಶಾನಭೋಗ ಎಂದೇ ಕರೆಯುತ್ತಾರೆ. ಇದುವರೆಗೆ ನಾನು ಬರೆದಿರುವುದು ವರದಿ, ಪಂಚನಾಮೆ ಮತ್ತು ಸಮಜಾಯಿಷಿಗಳನ್ನು ಮಾತ್ರ. ಆದ್ದರಿಂದ ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ನನ್ನ ವೃತ್ತದಲ್ಲಿ ಒಂದು ಮರಳು ದಿಬ್ಬವಿತ್ತು. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಹೊಳೆ, ನಡುವೆ ದಕ್ಷಿಣೋತ್ತರವಾಗಿ ಚಾಚಿದ ಮರಳಿನ ಮೇಲೆ ಮೀನುಗಾರರ ಇಪ್ಪತ್ತಾರು ಮನೆಗಳು. ಉತ್ತರದ ತುದಿಯಲ್ಲಿ ಹೊಳೆ ಸಮುದ್ರ ಸೇರುವ ಬಾಯಿ, ಅಂದರೆ ಅಳಿವೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಅಲೆಗಳು ಮರಳು ತಂದು ಅದನ್ನು ಮುಚ್ಚಿಬಿಡುತ್ತವೆ. ಮೊದಲ ದೊಡ್ಡ ಮಳೆ ಬಿದ್ದೊಡನೆ ನೀರಿಗೆ ಹೊರದಾರಿಯಿಲ್ಲದೆ ಹೊಳೆ ಹಿಂದಕ್ಕೆ ತುಂಬಿ ಮನೆಗಳಿಗೆ ನುಗ್ಗುತ್ತದೆ. ಆಗ ಮರಳಿನಲ್ಲಿ ಕಾಲುವೆ ತೋಡಿ ನೀರನ್ನು ಬಿಡಬೇಕು. ಇದನ್ನೇ ಅಳಿವೆ ಕಡಿಯುವುದು ಎನ್ನುತ್ತಾರೆ.

ಹಿಂದೆ ದಿಬ್ಬದ ಮೇಲಿದ್ದದ್ದು ತೆಂಗಿನ ಮಡಲಿನ ಗುಡಿಸಲುಗಳು. ಅಳಿವೆ ಸರಿದಂತೆ ಜನರೂ ಗುಡಿಸಲು ಕಿತ್ತುಕೊಂಡು ಸರಿಯುತ್ತಿದ್ದರು. ನನ್ನ ಕಾಲಕ್ಕೆ ವಸತಿ ಯೋಜನೆಯ ತಾರಸಿ ಮನೆಗಳು ಬಂದಿದ್ದವು; ಅವುಗಳಿಗೆ ಮನೆ ನಂಬರು ಬಂದಿತ್ತು, ಸರಿಯುವ ಪ್ರಶ್ನೆಯೇ ಇರಲಿಲ್ಲ. ಉತ್ತರದ ಕೊನೆಯ ಮನೆಯೊಂದು ಮಾತ್ರ ಹಂಚಿನದಾಗಿ ಉಳಿದಿತ್ತು. ಅದು ಮೀನು ಮಾರಿ ಜೀವಿಸುವ, ಅರವತ್ತು ದಾಟಿದ ದೇವಕಮ್ಮನವರ ಮನೆ.

ಅಲ್ಲಿ ಒಂದು ಪದ್ಧತಿಯಿತ್ತು. ಅಳಿವೆಗೆ ಅತಿ ಹತ್ತಿರದ ಮನೆಯವರು ಮೊದಲ ಗುದ್ದಲಿ ಹಾಕಬೇಕು. ಅವರು ಹಾಕದ ಹೊರತು ಬೇರೆ ಯಾರೂ ಹಾಕುವಂತಿಲ್ಲ. ಈ ಸಂಗತಿ ನನ್ನ ಗಮನಕ್ಕೆ ಬಂದಿತ್ತು. ಆದರೆ ತೆಂಗಿನಕಾಯಿ ಒಡೆಯುವಂತಹ ಒಂದು ಶಾಸ್ತ್ರವೆಂದು ಭಾವಿಸಿದ್ದೆನು. ನನ್ನ ತಪ್ಪು ಅಲ್ಲಿಯೇ ಆರಂಭವಾಯಿತು.

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಸ್ಥಳಕ್ಕೆ ಹಾಜರಾದಾಗ ಹೊಳೆ ತಾರಸಿ ಮನೆಗಳ ಎರಡನೇ ಮೆಟ್ಟಿಲಿನಲ್ಲಿತ್ತು. ಮಂಜೂರಾದ ನಕ್ಷೆಯಂತೆ ಮರಳು ಅತಿ ಕಿರಿದಾದ ಜಾಗದಲ್ಲಿ, ದೇವಕಮ್ಮನವರ ಅಂಗಳದಿಂದ ನಲವತ್ತು ಹೆಜ್ಜೆ ಉತ್ತರಕ್ಕೆ ಗೂಟ ನೆಟ್ಟೆನು. ಜೆಸಿಬಿ ಸಿದ್ಧವಾಗಿತ್ತು. ಕುಮಟಾ ಕಡೆಯ ಚಾಲಕ ಮಾಬ್ಲ ಯಂತ್ರ ಚಾಲೂ ಮಾಡಿದೊಡನೆ ದೇವಕಮ್ಮ ಬಂದು ಗೂಟದ ಪಕ್ಕದಲ್ಲಿ ಕುಳಿತುಬಿಟ್ಟರು.

"ಇಲ್ಲಿ ಬ್ಯಾಡ ಸಾಹೇಬ್ರೆ. ಮುನ್ನೂರು ಹೆಜ್ಜೆ ಆಚೆ ಕಡೀರಿ."

"ಅಲ್ಲಿ ಮರಳು ಎರಡು ಪಟ್ಟು ಅಗಲ ಇದೆ ಅಮ್ಮಾ. ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ, ಅಷ್ಟು ಹೇಳಿ."

"ಇಲ್ಲ."

ಅವರ ಮೈದುನ ಗಣಪನ ತಾರಸಿ ಮನೆ ಆಗಲೇ ನೀರಿನ ಬಾಯಲ್ಲಿತ್ತು. ಅವನು ದೂರದಿಂದಲೇ ಕೂಗಿದನು: "ಅತ್ಗೆ, ನಿನ್ ಒಂದು ಮನೆ ಸಲುವಾಗಿ ನಾವೆಲ್ಲ ಮುಳುಗೂದಾ?"

"ನಿಂಗೆ ಈಜು ಕಲ್ಸಿದ್ದು ಯಾರಾ? ಸುಮ್ನೆ ನಿಲ್ಲು," ಎಂದರು ದೇವಕಮ್ಮ.

ಗಣಪ ಗೊಣಗಿದನೇ ಹೊರತು ಗುದ್ದಲಿ ಮುಟ್ಟಲಿಲ್ಲ. ಮೇಲಧಿಕಾರಿಗಳು ದೂರವಾಣಿಯಲ್ಲಿ, "ತಕರಾರು ಎಂದು ನಮೂದಿಸಿ, ಪೊಲೀಸರನ್ನು ಕರೆಸಿ, ಕೆಲಸ ಮುಗಿಸಿ" ಎಂದು ಆದೇಶಿಸಿದರು. ನಾನು ಕಾಗದ ತೆಗೆದು 'ತಕರಾರು' ಎಂಬ ಪದವನ್ನು ಬರೆದೆನು. ಗೂಟ ಬದಲಿಸಿದರೆ ಆದೇಶದ ಉಲ್ಲಂಘನೆ. ಬದಲಿಸದಿದ್ದರೆ ಒಬ್ಬ ವೃದ್ಧೆಯನ್ನು ಎತ್ತಿ ಹಾಕಿಸಿ ಅವರ ಮನೆಯ ಬುಡ ಕಡಿಸಬೇಕು. ಅಷ್ಟರಲ್ಲಿ ನೀರು ಮೂರನೇ ಮೆಟ್ಟಿಲು ಮುಟ್ಟಿತು.

ಆಗ ಮಾಬ್ಲ ಯಂತ್ರ ನಿಲ್ಲಿಸಿ ಕೆಳಗಿಳಿದನು. "ಸರ್, ಎಲ್ಲಿ ಕಡಿದ್ರೂ ಈಗ ಭರತ. ಸಮುದ್ರವೇ ಒಳಗೆ ಬತ್ತದೆ. ಇಳಿತ ಐದು ಗಂಟೆಗೆ. ಹೊತ್ತು ಉಂಟು. ಆಚೆ ಬೇಕಾದ್ರೆ ಈಗಿಂದ ತೋಡಿ ಇಟ್ಕಳ್ವ."

ಉಬ್ಬರದ ವೇಳೆಯನ್ನು ನಾನು ವಿಚಾರಿಸಿಯೇ ಇರಲಿಲ್ಲ. ಕಚೇರಿಯ ವೇಳೆ ನೋಡಿಕೊಂಡು ಬಂದಿದ್ದೆನು. ಈ ಒಂದು ಲೋಪ ಮನಸ್ಸಿಗೆ ಬಂದ ಮೇಲೆ ನಕ್ಷೆಯ ಮೇಲಿನ ನನ್ನ ವಿಶ್ವಾಸವೂ ಕುಸಿಯಿತು. ಗೂಟ ಕಿತ್ತು ಉತ್ತರಕ್ಕೆ ಮುನ್ನೂರು ಹೆಜ್ಜೆ ಎಣಿಸಿ ನೆಟ್ಟೆನು. ದೇವಕಮ್ಮ ಎದ್ದು ಬಂದು ಮೊದಲ ಗುದ್ದಲಿ ಹಾಕಿದರು. ಅನಂತರ ಗಂಡಸರು, ಹೆಂಗಸರು, ಯಂತ್ರ, ಎಲ್ಲ ಒಟ್ಟಿಗೆ.

ಆ ಮಧ್ಯಾಹ್ನದಷ್ಟು ದೀರ್ಘವಾದ ಮಧ್ಯಾಹ್ನವನ್ನು ನಾನು ಕಂಡಿಲ್ಲ. ತೋಡಿದ ಮರಳು ಮತ್ತೆ ಮತ್ತೆ ಕುಸಿಯುತ್ತಿತ್ತು. ಮೂರು ಗಂಟೆಗೆ ಗಣಪನ ಮನೆಯ ಹೊಸ್ತಿಲು ದಾಟಿ ನೀರು ಒಳಗೆ ಹೋಯಿತು. ಅವನು ಒಮ್ಮೆ ತಿರುಗಿ ನೋಡಿ ಮತ್ತೆ ತೋಡತೊಡಗಿದನು. ನಾಲ್ಕೂವರೆಗೆ ಕೊನೆಯ ತಡೆಯನ್ನು ಯಂತ್ರ ಎಳೆದಾಗ ಮೊದಲು ಹರಿದದ್ದು ಒಂದು ಗೇಣಿನ ಅಗಲ. ಹತ್ತು ನಿಮಿಷದಲ್ಲಿ ಅದು ಒಂದು ಮಾರು ಆಯಿತು. ಕತ್ತಲಾಗುವ ಮೊದಲೇ ನೀರು ಎಲ್ಲ ಮೆಟ್ಟಿಲುಗಳಿಂದ ಇಳಿದಿತ್ತು.

ನಾನು ನೆಮ್ಮದಿಯಿಂದ ದೇವಕಮ್ಮನವರ ಅಂಗಳಕ್ಕೆ ಹೋಗಿ, "ನಿಮ್ಮ ಮನೆಯೂ ಉಳಿಯಿತಲ್ಲ ಅಮ್ಮಾ" ಎಂದೆನು. ಅವರು ಏಣಿಯ ಮೇಲಿದ್ದರು. ಹಂಚು ಇಳಿಸಿ ಕೆಳಗೆ ನಿಂತ ಗಣಪನ ಕೈಗೆ ಕೊಡುತ್ತಿದ್ದರು.

"ಉಳಿಯೂದು ಎಂತದು ಸಾಹೇಬ್ರೆ? ಬಾಯಿ ದಿನಾ ತೆಂಕಕ್ಕೆ, ನಮ್ಮ ಮನೆ ಬದಿಗೇ ಸರೀತದೆ. ಮೂರು ದಿನ, ಹೆಚ್ಚಂದ್ರೆ ನಾಕು. ನಿಮ್ಮ ಗೂಟದಲ್ಲಿ ಕಡಿದಿದ್ರೆ ಇವತ್ತೇ ಹೋಗ್ತಿತ್ತು, ಹಂಚು ಬಾಗ್ಲು ಎಲ್ಲ ಕೂಡಿ."

"ಹಾಗಿದ್ದರೆ ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ?"

"ನೀವು ಒಪ್ಗೆ ಉಂಟಾ ಕೇಳಿದ್ರಿ. ಎಷ್ಟು ದಿನ ಬೇಕು ಕೇಳ್ಲಿಲ್ಲಲ್ಲ," ಎಂದು ನಕ್ಕರು. ಗಣಪ ತಲೆ ತಗ್ಗಿಸಿಕೊಂಡು ಹಂಚು ಜೋಡಿಸುತ್ತಿದ್ದನು.

ಮೊದಲ ಗುದ್ದಲಿಯ ಅರ್ಥ ನನಗೆ ಆಗ ತಿಳಿಯಿತು. ಹೋಗುವ ಮನೆ ಯಾರದೋ, ಎಲ್ಲಿ ಮತ್ತು ಯಾವಾಗ ಕಡಿಯಬೇಕೆಂದು ಹೇಳುವ ಹಕ್ಕು ಅವರದು. ಮೂರನೆಯ ದಿನ ಮಧ್ಯಾಹ್ನ ಬಾಗಿಲ ಚೌಕಟ್ಟು ಕಿತ್ತರು; ಸಂಜೆಗೆ ಗೋಡೆ ನೀರಿಗೆ ಬಿತ್ತು. ದಿಬ್ಬದ ದಕ್ಷಿಣದ ಬುಡದಲ್ಲಿ ಅವೇ ಹಂಚುಗಳ ಕೆಳಗೆ ದೇವಕಮ್ಮ ಈಗಲೂ ವಾಸವಾಗಿದ್ದಾರೆ. ಆದರೆ ಅಳಿವೆಗೆ ಹತ್ತಿರದ ಮನೆ ಇಂದು ಗಣಪನದು. ಅದು ತಾರಸಿಯದು, ಬಿಚ್ಚಿ ಒಯ್ಯುವಂಥದ್ದಲ್ಲ.

ಗೂಟ ಬದಲಿಸಿದ್ದಕ್ಕೆ ನನಗೆ ನೋಟೀಸು ಬಂತು. ಸಮಜಾಯಿಷಿಯಲ್ಲಿ ಹೀಗೆ ಬರೆದೆನು: "ಸದರಿ ಮಹಿಳೆಯು ಕೆಲಸಕ್ಕೆ ತಡೆ ಒಡ್ಡಿರುವುದಿಲ್ಲ, ಮೂರು ದಿನಗಳ ಕಾಲಾವಕಾಶ ಕೋರಿದ್ದು, ಕೋರಿಕೆಯನ್ನು ಅರಿಯಲು ಈ ನೌಕರನು ವಿಫಲನಾಗಿರುತ್ತಾನೆ." ಎಚ್ಚರಿಕೆ ನೀಡಿ ಕಡತ ಮುಕ್ತಾಯಗೊಳಿಸಿದರು. ಆ ಬಳಿಕ ಉಳಿದ ಎರಡು ವರ್ಷಗಳಲ್ಲಿ, ನಿಮಗೆ ಎಷ್ಟು ದಿನ ಬೇಕು ಎಂದು ಕೇಳದೆ ನಾನು ಯಾರ ಹೆಸರಿನ ಮುಂದೆಯೂ ತಕರಾರು ಎಂದು ಬರೆಯಲಿಲ್ಲ.