ಸುಜಾತ ಸುಳ್ಳು ಹೇಳಿರಲಿಲ್ಲ

ಮಹದೇವಯ್ಯನವರೇ, ನಿಮ್ಮ ಮಗಳು ಸುಜಾತ ಅಂದು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು — ಅವಳ ಸಮಾಜ ವಿಜ್ಞಾನದ ಟೀಚರ್.

ಆಗ ಅವಳು ಸರಸ್ವತಿಪುರಂನ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿ. ಮೂಲಭೂತ ಹಕ್ಕುಗಳ ಪಾಠ. ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳುವುದು ನನ್ನ ಚಟ, ಅದರ ಬಗ್ಗೆ ಜಂಬವೂ ಇತ್ತು. ಕೇರಳದ ಮೂವರು ಮಕ್ಕಳು ತಮ್ಮ ಧರ್ಮ ಒಪ್ಪದೆಂದು ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದು ನಿಂತಿದ್ದರು. ಶಾಲೆ ಅವರನ್ನು ಹೊರಹಾಕಿತು. ಹೊರಹಾಕಿದ್ದು ತಪ್ಪು, ವಾಪಸ್ ಸೇರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಇಷ್ಟನ್ನು ಕಥೆಯ ಹಾಗೆ ಹೇಳಿದೆ.

ಸುಜಾತ ಕೈ ಎತ್ತಿದಳು. "ಮೇಡಂ, ನಾವು ಬುದ್ಧನ್ನ ನಂಬೋರು. ಬೆಳಿಗ್ಗೆ ಪ್ರೇಯರ್‌ನಲ್ಲಿ ಗಣಪತಿ ಶ್ಲೋಕ ಹೇಳ್ದೆ ಸುಮ್ನೆ ನಿಂತ್ಕೊಂಡ್ರೆ ನಡಿಯುತ್ತಾ?"

"ನಡಿಯುತ್ತೆ ಕಣಮ್ಮ. ಅದು ನಿನ್ನ ಹಕ್ಕು," ಎಂದೆ. ಎಷ್ಟು ಸಲೀಸಾಗಿ ಎಂದೆ!

ಮರುದಿನದಿಂದ ಅವಳು ಸುಮ್ಮನೆ ನಿಂತಳು. ಕೆಲವು ದಿನ ಯಾರೂ ಗಮನಿಸಲಿಲ್ಲ, ಆಮೇಲೆ ಗಮನಿಸಿದರು. ಹೆಡ್‌ಮಾಸ್ಟರು ನಿಮ್ಮನ್ನು ಕರೆಸಿದರು. ನೀವು ಆಟೋ ನಿಲ್ಲಿಸಿ ಖಾಕಿ ಅಂಗಿಯಲ್ಲೇ ಬಂದಿರಿ. ಕೂರಿ ಎಂದು ಯಾರೂ ಹೇಳಲಿಲ್ಲ — ನಾನೂ ಹೇಳಲಿಲ್ಲ.

"ಮೇಡಮ್ಮೇ ಹೇಳಿದ್ರು, ಕೋರ್ಟ್ ಹೇಳಿದ್ಯಂತೆ," ಎಂದಳು ಸುಜಾತ. ಹೆಡ್‌ಮಾಸ್ಟರು ನನ್ನತ್ತ ತಿರುಗಿದರು. ನಾನು —

"ಇಲ್ಲ ಸಾರ್. ನಾನು ಆ ಥರ ಏನೂ ಹೇಳಿಲ್ಲ."

ನನ್ನ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ಇದು ನಿಮಗೆ ತಿಳಿದಿರಲಿ ಎಂದು ಈಗ ಹೇಳುತ್ತಿದ್ದೇನೆ, ನೆಪವಾಗಿ ಅಲ್ಲ.

ನೀವು ಶ್ಲೋಕದ ಮಾತು ಎತ್ತಲಿಲ್ಲ, ಕೋರ್ಟಿನ ಮಾತೂ ಎತ್ತಲಿಲ್ಲ. ಮಗಳ ಕಡೆ ನೋಡಿ, "ದಿನಾ ಪಂಚಶೀಲ ಹೇಳಿಸ್ತೀನಲ್ಲವ್ವಾ, ಸುಳ್ಳು ಹೇಳ್ಬಾರ್ದು ಅಂತ? ಟೀಚರ್ ಮೇಲೇ ಹಾಕ್ಬುಟ್ಟೆಯಲ್ಲ," ಎಂದಿರಿ. ಆಮೇಲೆ ನನಗೆ ಕೈಮುಗಿದು, "ತಪ್ಪಾಯ್ತು ಮೇಡಂ, ಹೊಟ್ಟೆಗಾಕ್ಕೊಳ್ಳಿ," ಎಂದಿರಿ. "ಪರವಾಗಿಲ್ಲ ಬಿಡಿ," ಎಂದೆ. ಕ್ಷಮಿಸಿಯೇ ಬಿಟ್ಟೆ, ನೋಡಿ — ಎಂಥ ದೊಡ್ಡ ಮನಸ್ಸು ನನ್ನದು!

ಸುಜಾತ ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಇನ್ನೂ ಏನೋ ಹೇಳುತ್ತೇನೆಂದು ಕಾಯುವ ಹಾಗೆ. ಮರುದಿನ ಶ್ಲೋಕ ಹೇಳಿದಳು, ಎಲ್ಲರಿಗಿಂತ ಗಟ್ಟಿಯಾಗಿ. ನನ್ನ ಪಾಠದಲ್ಲಿ ಮತ್ತೆಂದೂ ಕೈ ಎತ್ತಲಿಲ್ಲ. ವರ್ಷ ಮುಗಿದ ಮೇಲೆ ಬೇರೆ ಶಾಲೆಗೆ ಹೋದಳು, ನನ್ನ ಕೆಲಸ ಖಾಯಂ ಆಯಿತು.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಬಾಯಿ ಬಿಡುತ್ತಿರಲಿಲ್ಲ. ಅಂಥವಳೇ ನಾನು. ಆದರೆ ಹೋದ ವಾರ ಶಾಲೆಯ ಮುಂದೆ ಕೈ ತೋರಿಸಿ ಹತ್ತಿದ ಆಟೋ ನಿಮ್ಮದಾಗಿತ್ತು. ಕನ್ನಡಿಯಲ್ಲಿ ನೋಡಿ ಗುರುತು ಹಿಡಿದಿರಿ. ಸುಜಾತ ಡಿಗ್ರಿ ಮುಗಿಸಿದಳು ಎಂದಿರಿ. ಆಮೇಲೆ ನಗುತ್ತಾ, "ಅವತ್ತು ನಿಮ್ಗೆ ಅಂಗೆ ಮಾಡ್ಬುಟ್ಲಲ್ಲ ಮೇಡಂ... ಈಗ್ಲೂ ಅವ್ಳೇನೇ ಹೇಳಿದ್ರೂ ಇನ್ನೊಬ್ರನ್ನ ವಿಚಾರಿಸ್ಬುಟ್ಟೇ ನಂಬೋದು ನಾನು," ಎಂದಿರಿ.

ಇಷ್ಟು ವರ್ಷವೂ! ಆಗಲಾದರೂ ಹೇಳಬಹುದಿತ್ತು — ಚಾಮರಾಜಪುರಂ ಬಂತು, ಇಳಿದುಬಿಟ್ಟೆ.

ಭಾನುವಾರ ಹಿನಕಲ್‌ಗೆ, ನಿಮ್ಮ ಮನೆಗೆ ಬರುತ್ತೇನೆ. ಸುಜಾತಳೂ ಇರಲಿ. ನನ್ನನ್ನು ಕೂರಿಸಬೇಡಿ, ನಿಂತೇ ಹೇಳುತ್ತೇನೆ. ಅಂದು ಏನಾಯಿತೆಂದು ನನಗಿಂತ ಮೊದಲು ಅವಳನ್ನು ಕೇಳಿ. ಅವಳು ಹೇಳಿದ ಮೇಲೆ, ದಯವಿಟ್ಟು, ನನ್ನನ್ನು ವಿಚಾರಿಸಬೇಡಿ.